ತಿರುಗುವ ಚಿತ್ರಗಳ ಆಟಿಕೆ: ಮಕ್ಕಳ ಜೊತೆ ಯಾವುದನ್ನು ಮಾಡೋದು?

ಶಾಲೆಗಳಲ್ಲಿ ವಿಜ್ಞಾನ ವಸ್ತು ಪ್ರದರ್ಶನ ಹತ್ತಿರ ಬಂದರೆ ಸಾಕು, ಪೋಷಕರಿಂದ ನನಗೆ ಒಂದೇ ಪ್ರಶ್ನೆ ಬರುತ್ತದೆ. “ಸಿನಿಮಾ ಹುಟ್ಟೋ ಮುಂಚೆ ಚಿತ್ರ ಓಡಿಸೋ ಆಟಿಕೆಗಳು ಇದ್ದವಂತಲ್ಲ, ಅದರಲ್ಲಿ ಯಾವುದನ್ನು ಮಾಡಿಸಲಿ?” ಯೂಟ್ಯೂಬಿನಲ್ಲಿ ಐದಾರು ಬಗೆ ನೋಡಿರುತ್ತಾರೆ. ಎಲ್ಲವೂ ಚಂದವೇ ಕಾಣುತ್ತವೆ. ಹೆಸರುಗಳು ಮಾತ್ರ ನಾಲಿಗೆಗೆ ಹತ್ತುವುದಿಲ್ಲ: ಥಾಮಟ್ರೋಪ್, ಫೆನಾಕಿಸ್ಟೋಸ್ಕೋಪ್, ಜೋಯಿಟ್ರೋಪ್, ಪ್ರಾಕ್ಸಿನೋಸ್ಕೋಪ್. ಇವುಗಳ ಜೊತೆಗೆ ಫ್ಲಿಪ್ ಬುಕ್.

ನಾನು ಮಕ್ಕಳಿಗೆ ಚಿತ್ರ ಬಿಡಿಸುವುದನ್ನು ಕಲಿಸುತ್ತೇನೆ. ಈ ಐದನ್ನೂ ಬೇಸಿಗೆ ಶಿಬಿರಗಳಲ್ಲಿ ಹಲವು ಸಲ ಮಾಡಿಸಿದ್ದೇನೆ. ಅದರಿಂದ ತಿಳಿದುಕೊಂಡ ಒಂದು ಮಾತನ್ನು ಮೊದಲೇ ಹೇಳುತ್ತೇನೆ. ಇವುಗಳಲ್ಲಿ ಪ್ರತಿಯೊಂದೂ ಹಿಂದಿನದರ ಒಂದು ಕೊರತೆ ನೀಗಿಸಲು ಬಂದದ್ದು. ಹಾಗೆ ಬರುವಾಗ ತನ್ನದೇ ಆದ ಹೊಸ ಕಷ್ಟವನ್ನೂ ಹೊತ್ತು ತಂದಿತು. ಒಬ್ಬರೇ ನೋಡಬೇಕಲ್ಲ ಅಂತ ಹತ್ತು ಜನ ನೋಡುವಂಥದ್ದು ಮಾಡಿದರೆ, ಕಟ್ಟುವ ಕೆಲಸ ಜಾಸ್ತಿಯಾಯಿತು. ಮಬ್ಬಾಗಿದೆಯಲ್ಲ ಅಂತ ಕನ್ನಡಿ ಹಾಕಿದರೆ, ಖರ್ಚು ಏರಿತು. ಯಾವ ಕೊರತೆ ಇದ್ದರೂ ನಿಮಗೆ ನಡೆಯುತ್ತದೆ ಅನ್ನುವುದನ್ನು ಮೊದಲು ಯೋಚಿಸಿ. ಆಮೇಲೆ ಆಯ್ಕೆ ಕಷ್ಟವಿಲ್ಲ.

ಮೊದಲು ಇಷ್ಟನ್ನು ಕೇಳಿಕೊಳ್ಳಿ

ಮಗುವಿನ ವಯಸ್ಸು ಎಷ್ಟು? ಕಟರ್ ಹಿಡಿದು ನೇರವಾಗಿ ಕೊಯ್ಯಲು ಬರುತ್ತದೆಯೇ, ಅಥವಾ ಕೊನೆಗೆ ನೀವೇ ಕೂತು ಮಾಡಬೇಕೇ? ಅಪ್ಪ ಅಮ್ಮ ಮಾಡಿದ ಮಾದರಿಯ ಪಕ್ಕ ಮಗು ಸುಮ್ನೆ ನಿಂತಿರುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಆದ್ದರಿಂದ ಈ ಪ್ರಶ್ನೆಯೇ ಮೊದಲು.

ಎರಡನೆಯದು, ಒಂದೇ ಸಲಕ್ಕೆ ಎಷ್ಟು ಜನ ನೋಡಬೇಕು? ಮನೆಯಲ್ಲಿ ಆಡಲು ಆದರೆ ಒಬ್ಬರು ಸಾಕು. ಪ್ರದರ್ಶನದ ಮೇಜಿನ ಮುಂದೆ ಗುಂಪೇ ನಿಂತಿರುತ್ತದೆ.

ಮೂರನೆಯದು ಬೆಳಕು. ಇದನ್ನು ಎಲ್ಲರೂ ಮರೆಯುತ್ತಾರೆ. ಒಂದು ಸಲ ನಮ್ಮ ಮಕ್ಕಳ ಮೇಜು ತರಗತಿಯ ಮೂಲೆಗೆ ಬಿತ್ತು. ದೂರದಲ್ಲಿ ಒಂದೇ ಟ್ಯೂಬ್‌ಲೈಟು. ವಾರಗಟ್ಟಲೆ ಕೂತು ಬರೆದ ಚಿತ್ರಗಳು ಕಿಂಡಿಯೊಳಗೆ ಕಪ್ಪು ನೆರಳಿನಂತೆ ಕಂಡವು. ಮಕ್ಕಳ ಮುಖ ಇಷ್ಟಾಯಿತು. ಅಂದಿನಿಂದ ಒಂದು ಟೇಬಲ್ ಲ್ಯಾಂಪು, ಒಂದು ಎಕ್ಸ್‌ಟೆನ್ಷನ್ ಬಾಕ್ಸು ಇಲ್ಲದೆ ನಾನು ಹೊರಡುವುದಿಲ್ಲ.

ಇನ್ನೂ ಒಂದಿದೆ. ಮಗು ಇದರಿಂದ ಏನು ಕಲಿಯಬೇಕು? ಚಲನೆ ಹೇಗೆ ಕಾಣುತ್ತದೆ ಅನ್ನುವ ವಿಜ್ಞಾನವೋ, ಚಿತ್ರಕ್ಕೆ ಜೀವ ಕೊಡುವ ಕಲೆಯೋ? ಎರಡಕ್ಕೂ ಒಂದೇ ಆಟಿಕೆ ಹೊಂದುವುದಿಲ್ಲ. ಸಮಯ, ದುಡ್ಡು ಎಷ್ಟು ಅನ್ನುವುದು ಇದ್ದೇ ಇದೆ. ಆದರೆ ಪ್ರಾಕ್ಸಿನೋಸ್ಕೋಪ್ ಬಿಟ್ಟರೆ ಉಳಿದವು ಬಹುಪಾಲು ರಟ್ಟು, ಹಾಳೆ, ಅಂಟಿನಲ್ಲಿ ಮುಗಿಯುವಂಥವು.

ಥಾಮಟ್ರೋಪ್: ಐದು ವರ್ಷದವರಿಗೂ ಆಗುತ್ತದೆ

ಸೋಡಾ ಬಾಟಲಿಯ ಮುಚ್ಚಳ ಚಪ್ಪಟೆ ಮಾಡಿ, ಎರಡು ತೂತು ಕೊರೆದು, ದಾರ ಪೋಣಿಸಿ ಗುಂಯ್ ಅಂತ ತಿರುಗಿಸುತ್ತಿದ್ದೆವಲ್ಲ, ಅದರ ತಂಗಿಯೇ ಇದು. ರಟ್ಟಿನ ಬಿಲ್ಲೆಯ ಒಂದು ಬದಿ ಹಕ್ಕಿ, ಇನ್ನೊಂದು ಬದಿ ಪಂಜರ. ಎಡಬಲ ಅಂಚಿನಲ್ಲಿ ದಾರ ಕಟ್ಟಿ, ಬೆರಳಿನಲ್ಲಿ ಹೊಸೆದರೆ ಹಕ್ಕಿ ಪಂಜರದೊಳಗೆ ಕೂತಂತೆ ಕಾಣುತ್ತದೆ. 1825ರ ಹೊತ್ತಿಗೆ ಲಂಡನ್ನಿನ ವೈದ್ಯ ಜಾನ್ ಐರ್ಟನ್ ಪ್ಯಾರಿಸ್ ಇದನ್ನು ಜನಪ್ರಿಯ ಮಾಡಿದರು.

ಅರ್ಧ ಗಂಟೆಯ ಕೆಲಸ. ಖರ್ಚು ಇಲ್ಲವೆಂದೇ ಹೇಳಬಹುದು. ಹಿಂಬದಿಯ ಚಿತ್ರವನ್ನು ತಲೆಕೆಳಗಾಗಿ ಬರೆಯಬೇಕು, ಅಷ್ಟೇ ಎಚ್ಚರ. ಆದರೆ ಇಲ್ಲಿ ಚಲನೆ ಇಲ್ಲ. ಎರಡು ಚಿತ್ರ ಒಂದರ ಮೇಲೊಂದು ಕೂತಂತೆ ಕಾಣುತ್ತವೆ, ಅಷ್ಟೇ. ಆರನೇ ಏಳನೇ ತರಗತಿಯ ಮಗುವಿಗೆ ಇದೊಂದನ್ನೇ ಪ್ರಾಜೆಕ್ಟ್ ಮಾಡಿಸಿದರೆ ಕಡಿಮೆಯಾಯಿತು. ಚಿಕ್ಕವರಿಗೆ ಮಾತ್ರ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಫೆನಾಕಿಸ್ಟೋಸ್ಕೋಪ್: ಒಬ್ಬರೇ ನೋಡಬೇಕು, ಆದರೆ ಗುಟ್ಟೆಲ್ಲ ಇದರಲ್ಲೇ ಇದೆ

ನನಗೆ ಅತ್ಯಂತ ಪ್ರಿಯವಾದದ್ದು ಇದು. 1832ರಲ್ಲಿ ಬೆಲ್ಜಿಯಂನ ಜೋಸೆಫ್ ಪ್ಲಾಟೋ ಇದನ್ನು ಕಂಡುಹಿಡಿದರು. ಅದೇ ಸಮಯಕ್ಕೆ ವಿಯೆನ್ನಾದಲ್ಲಿ ಸೈಮನ್ ಸ್ಟಾಂಫರ್ ಕೂಡ ಇಂಥದ್ದನ್ನೇ ಮಾಡಿದ್ದರು. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಪ್ಲಾಟೋ ಮುಂದೆ ಕಣ್ಣು ಪೂರ್ತಿ ಕಳೆದುಕೊಂಡರು. ಆದರೂ ಸಂಶೋಧನೆ ಬಿಡಲಿಲ್ಲ. ಮನೆಯವರ, ಸಹೋದ್ಯೋಗಿಗಳ ನೆರವಿನಿಂದ ಸೋಪಿನ ಪೊರೆಗಳ ಮೇಲೆ ಮಾಡಿದ ಕೆಲಸ ಇಂದಿಗೂ ಗಣಿತದವರ ಬಾಯಲ್ಲಿದೆ. ಜಗತ್ತಿಗೆ ಚಲಿಸುವ ಚಿತ್ರ ತೋರಿಸಿದವರ ಬದುಕು ಹೀಗಿತ್ತು ಅಂತ ಮಕ್ಕಳಿಗೆ ಹೇಳಿದಾಗ ಅವರು ತುಂಬ ಹೊತ್ತು ಸುಮ್ಮನಾಗುತ್ತಾರೆ.

ಮಾಡುವುದು ಹೀಗೆ. ಸುಮಾರು 24 ಸೆಂಟಿಮೀಟರ್ ಅಗಲದ ರಟ್ಟಿನ ಚಕ್ರ ಕೊಯ್ದುಕೊಳ್ಳಿ. ಕೋನಮಾಪಕ ಇಟ್ಟು 30 ಡಿಗ್ರಿಗೊಂದರಂತೆ 12 ಭಾಗ ಮಾಡಿ. ಪ್ರತಿ ಗೆರೆಯ ತುದಿಯಲ್ಲಿ ಅಂಚಿನಿಂದ ಒಳಕ್ಕೆ ಎರಡು ಸೆಂಟಿಮೀಟರ್ ಉದ್ದ, ಮೂರು ಮಿಲಿಮೀಟರ್ ಅಗಲದ ಕಿಂಡಿ ಕತ್ತರಿಸಿ. ಒಂದು ಬದಿಗೆ 12 ಚಿತ್ರ, ಇನ್ನೊಂದು ಬದಿಗೆ ಪೂರ್ತಿ ಕಪ್ಪು ಬಣ್ಣ. ನಡುವೆ ಬೋರ್ಡ್ ಪಿನ್ ಚುಚ್ಚಿ ಪೆನ್ಸಿಲ್ಲಿನ ಹಿಂದಿನ ರಬ್ಬರಿಗೆ ಸಿಕ್ಕಿಸಿ. ಚಿತ್ರಗಳನ್ನು ಕನ್ನಡಿಗೆ ಎದುರು ಹಿಡಿದು, ಕಪ್ಪು ಬದಿಯಿಂದ ಕಿಂಡಿಗೆ ಕಣ್ಣಿಟ್ಟು ತಿರುಗಿಸಿ.

ಈಗ ಮಗುವಿಗೆ ಒಂದು ಕೆಲಸ ಹೇಳಿ. ಚಕ್ರ ತಿರುಗುತ್ತಿರುವಾಗಲೇ ಕಿಂಡಿ ಬಿಟ್ಟು, ಚಕ್ರದ ಮೇಲಿನಿಂದ ನೇರವಾಗಿ ಕನ್ನಡಿ ನೋಡಲಿ. ಕುಣಿಯುತ್ತಿದ್ದ ಬೊಂಬೆ ಮಾಯ. ಬರೀ ಬಣ್ಣದ ಕಲಸುಮೇಲೋಗರ. ಮತ್ತೆ ಕಿಂಡಿಗೆ ಕಣ್ಣಿಟ್ಟರೆ ಬೊಂಬೆ ವಾಪಸ್ಸು. ಯಾಕೆ ಹೀಗೆ? ಕಿಂಡಿ ಕಣ್ಣ ಮುಂದೆ ಹಾದುಹೋಗುವ ಒಂದು ಚೂರು ಹೊತ್ತು ಮಾತ್ರ ಚಿತ್ರ ಕಾಣುತ್ತದೆ. ಉಳಿದ ಹೊತ್ತು ಎದುರಿಗಿರುವುದು ಕಪ್ಪು ರಟ್ಟು. ಪ್ರತಿ ಚಿತ್ರವೂ ಬಿಡಿಬಿಡಿಯಾಗಿ, ನಿಂತಂತೆ ಕಣ್ಣಿಗೆ ಬೀಳುತ್ತದೆ. ನಡುವಿನ ಜಾಗವನ್ನು ಮಿದುಳು ಜೋಡಿಸಿಕೊಳ್ಳುತ್ತದೆ. ಸಿನಿಮಾ ಪ್ರೊಜೆಕ್ಟರಿನೊಳಗೆ ತಿರುಗುವ ಷಟರ್ ಮಾಡುವ ಕೆಲಸವೂ ಇದೇ. ಇದನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಬೇರೆ ಆಟಿಕೆ ನಾನು ನೋಡಿಲ್ಲ.

ಚಾರ್ಟ್ ಬರೆಸುವಾಗ ಒಂದು ಎಚ್ಚರ. “ಕಣ್ಣಿನ ಪರದೆಯ ಮೇಲೆ ಚಿತ್ರ ಸ್ವಲ್ಪ ಹೊತ್ತು ಉಳಿಯುತ್ತದೆ, ಅದಕ್ಕೇ ಚಲನೆ ಕಾಣುತ್ತದೆ” ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಥಾಮಟ್ರೋಪಿಗೆ ಹೊಂದುತ್ತದೆ. ಚಲನೆಗೆ ಅದೊಂದೇ ಸಾಲದು. ಉಳಿದುಕೊಳ್ಳುವುದಷ್ಟೇ ಆಗಿದ್ದರೆ ಚಿತ್ರಗಳು ಒಂದರ ಮೇಲೊಂದು ಬಿದ್ದು ಗಲೀಜಾಗಬೇಕಿತ್ತು, ಅಲ್ವಾ? ಇಲ್ಲಿಂದ ಅಲ್ಲಿಗೆ ಹೋಯಿತು ಅಂತ ಕೂಡಿಸಿಕೊಳ್ಳುವುದು ಮಿದುಳು. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ತೈಮರ್ 1912ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದರ ಬಗ್ಗೆಯೇ. ಮಗು ಇದನ್ನು ತನ್ನ ಮಾತಿನಲ್ಲಿ ಹೇಳಿದರೆ ತೀರ್ಪುಗಾರರು ನಿಂತು ಕೇಳುತ್ತಾರೆ.

ಇನ್ನೊಂದು ಚಂದದ ಪ್ರಯೋಗ ಇದೆ. 12 ಕಿಂಡಿಗೆ 12 ಚಿತ್ರ ಇದ್ದರೆ ಬೊಂಬೆ ನಿಂತಲ್ಲೇ ಕುಣಿಯುತ್ತದೆ. ಚಿತ್ರ 11 ಅಥವಾ 13 ಮಾಡಿದರೆ ಕುಣಿಯುತ್ತಲೇ ಚಕ್ರದ ಸುತ್ತ ನಡೆದುಕೊಂಡು ಹೋಗುತ್ತದೆ.

ಕೊರತೆ? ಒಬ್ಬರೇ ನೋಡಬೇಕು. ಕನ್ನಡಿ ಬೇಕು. ಚಿತ್ರ ಬದಲಿಸಬೇಕೆಂದರೆ ಇಡೀ ಚಕ್ರವನ್ನೇ ಬದಲಿಸಬೇಕು. ಗುಂಪಿಗೆ ತೋರಿಸಲು ಇಂದು ಒಂದು ದಾರಿ ಇದೆ. ಕಿಂಡಿ ಇಲ್ಲದ ಚಕ್ರವನ್ನು ಚೆನ್ನಾದ ಬೆಳಕಿನಲ್ಲಿ ತಿರುಗಿಸಿ ಮೊಬೈಲಿನಲ್ಲಿ ವಿಡಿಯೋ ಮಾಡಿ. ಸೆಕೆಂಡಿಗೆ 30 ಫ್ರೇಮ್ ಹಿಡಿಯುವ ಮೊಬೈಲ್, 12 ಚಿತ್ರದ ಚಕ್ರ ಆದರೆ, ಸೆಕೆಂಡಿಗೆ ಎರಡೂವರೆ ಸುತ್ತಿನ ವೇಗಕ್ಕೆ ಬಂದಾಗ ಬೊಂಬೆ ಪರದೆಯ ಮೇಲೆ ಕುಣಿಯತೊಡಗುತ್ತದೆ. ಜೋರಾಗಿ ತಿರುಗಿಸಿ ಬಿಟ್ಟರೆ, ನಿಧಾನವಾಗುತ್ತಾ ಬರುವಾಗ ಆ ವೇಗ ತಾನಾಗಿ ಸಿಗುತ್ತದೆ. ಇಲ್ಲಿ ಕಿಂಡಿಯ ಕೆಲಸವನ್ನು ಕ್ಯಾಮೆರಾ ಮಾಡುತ್ತದೆ. ಕೆಲವರು ಇದಕ್ಕೆ ಪಟಪಟ ಮಿನುಗುವ ಲೈಟು ಬಳಸುತ್ತಾರೆ. ಮೂರ್ಛೆ ರೋಗ ಇರುವವರಿಗೆ ಅಂಥ ಬೆಳಕು ಅಪಾಯ. ಸಾರ್ವಜನಿಕ ಜಾಗದಲ್ಲಿ ಬೇಡವೇ ಬೇಡ.

ಜೋಯಿಟ್ರೋಪ್: ಗುಂಪಿಗೆ ಇದೇ ಸರಿ

ಒಬ್ಬರೇ ನೋಡಬೇಕು ಅನ್ನುವ ಕೊರತೆ ನೀಗಿಸಿದ್ದು ಇದು. ಇಂಗ್ಲೆಂಡಿನ ಬ್ರಿಸ್ಟಲ್‌ನ ವಿಲಿಯಂ ಜಾರ್ಜ್ ಹಾರ್ನರ್ 1834ರಲ್ಲೇ ಇದನ್ನು ವಿವರಿಸಿ ಬರೆದಿದ್ದರು. ಆದರೆ ಮೂವತ್ತು ವರ್ಷ ಯಾರೂ ಇದರ ಕಡೆ ಅಷ್ಟಾಗಿ ತಿರುಗಿ ನೋಡಲಿಲ್ಲ. 1867ರಲ್ಲಿ ಅಮೆರಿಕದ ವಿಲಿಯಂ ಲಿಂಕನ್ ಪೇಟೆಂಟ್ ಪಡೆದ ಮೇಲೆ, ಮಿಲ್ಟನ್ ಬ್ರಾಡ್ಲಿ ಕಂಪನಿ ಮಾರಿದ ಮೇಲೆ, ಮನೆಮನೆಯ ಆಟಿಕೆಯಾಯಿತು.

ಇದು ಮೇಲೆ ತೆರೆದ ಡೋಲಿನಂಥ ಡಬ್ಬ. ಮೇಲಿನ ಅರ್ಧದಲ್ಲಿ ಕಿಂಡಿಗಳು, ಒಳಗೋಡೆಯ ಕೆಳಗಿನ ಅರ್ಧದಲ್ಲಿ ಚಿತ್ರದ ಪಟ್ಟಿ. ಸುತ್ತ ಐದಾರು ಮಕ್ಕಳು ಕೂತು ಬೇರೆ ಬೇರೆ ಕಿಂಡಿಯಿಂದ ಒಟ್ಟಿಗೆ ನೋಡಬಹುದು. ಪಟ್ಟಿ ತೆಗೆದು ಬೇರೆ ಪಟ್ಟಿ ಹಾಕಬಹುದು. ಇದೇ ಇದರ ದೊಡ್ಡ ಬಲ. ಒಂದು ಡಬ್ಬ ಮಾಡಿಟ್ಟರೆ ಇಡೀ ತರಗತಿಯ ಚಿತ್ರ ಒಂದೊಂದಾಗಿ ಓಡಿಸಬಹುದು.

ಕಷ್ಟ ಇರುವುದು ತಿರುಗಿಸುವುದರಲ್ಲಿ. ಡಬ್ಬ ಕುಂಬಾರನ ತಿಗರಿಯಂತೆ ಅಲುಗಾಡದೆ ತಿರುಗಬೇಕು. ಸ್ವಲ್ಪ ಓಲಾಡಿದರೂ ಚಿತ್ರ ಮೇಲೆ ಕೆಳಗೆ ಕುಣಿಯುತ್ತದೆ. ಕೇಕ್ ಅಲಂಕರಿಸಲು ಬಳಸುವ ತಿರುಗು ತಟ್ಟೆ ಸಿಕ್ಕರೆ ಅದರ ಮೇಲೆ ಡಬ್ಬ ಅಂಟಿಸಿಬಿಡಿ. ಅರ್ಧ ಕೆಲಸ ಮುಗಿಯಿತು. ಈ ಆಟಿಕೆಯಲ್ಲಿ ದುಡ್ಡು ಹಾಕಬೇಕಾದ ಜಾಗ ಇದೊಂದೇ. ಉಳಿದದ್ದಕ್ಕೆ ಕಪ್ಪು ಚಾರ್ಟ್ ಸಾಕು. 20 ಸೆಂಟಿಮೀಟರ್ ಅಗಲದ ಡಬ್ಬದ ಸುತ್ತಳತೆ ಸುಮಾರು 63 ಸೆಂಟಿಮೀಟರ್. 12 ಚಿತ್ರ ಬರೆದರೆ ಒಂದೊಂದಕ್ಕೂ ಐದು ಸೆಂಟಿಮೀಟರ್ ಚಿಲ್ಲರೆ ಜಾಗ ಸಿಗುತ್ತದೆ.

ಜೋಯಿಟ್ರೋಪಿನಲ್ಲಿ ಚಿತ್ರ ಬರೆದದ್ದಕ್ಕಿಂತ ಸಣಕಲಾಗಿ ಕಾಣುತ್ತದೆ. ಕಣ್ಣ ಹತ್ತಿರದ ಕಿಂಡಿ ಒಂದು ಕಡೆಗೆ, ಎದುರಿನ ಚಿತ್ರ ಇನ್ನೊಂದು ಕಡೆಗೆ ಓಡುವುದರಿಂದ ಹೀಗಾಗುತ್ತದೆ. ಚೆಂಡು ಮೊಟ್ಟೆಯಾಯಿತು ಅಂತ ಮಕ್ಕಳು ಬೇಜಾರು ಮಾಡಿಕೊಳ್ಳುತ್ತಾರೆ. ಮೊದಲೇ ಸ್ವಲ್ಪ ದಪ್ಪಗೆ ಬರೆಸಿ.

ಏನು ಬರೆಯೋದು ಅಂತ ಕೇಳಿದರೆ, ಇರಾನಿನ ಶಹರ್-ಎ-ಸುಖ್ತೆಯಲ್ಲಿ ಸಿಕ್ಕ ಮಣ್ಣಿನ ಬಟ್ಟಲಿನ ಕಥೆ ಹೇಳುತ್ತೇನೆ. ಬಟ್ಟಲಿನ ಸುತ್ತ ಐದು ಚಿತ್ರಗಳು. ಮೇಕೆ ಗಿಡದ ಕಡೆ ಜಿಗಿದು ಎಲೆಗೆ ಬಾಯಿ ಹಾಕುತ್ತದೆ. 4000 ವರ್ಷಕ್ಕೂ ಹಳೆಯದು. ಸಿದ್ಧ ಚಿತ್ರ ಬೇಕಿದ್ದರೆ ಫೋಟೋಗ್ರಾಫರ್ ಎಡ್ವರ್ಡ್ ಮೈಬ್ರಿಜ್ 1878ರಲ್ಲಿ ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ ಸಾಲಾಗಿ ಕ್ಯಾಮೆರಾ ಇಟ್ಟು ತೆಗೆದ, ಓಡುವ ಕುದುರೆಯ ಚಿತ್ರಗಳಿವೆ. ಅದೇ ವರ್ಷ ಸೈಂಟಿಫಿಕ್ ಅಮೆರಿಕನ್ ಪತ್ರಿಕೆ ಅವುಗಳನ್ನು ಅಚ್ಚು ಹಾಕಿ, ಕತ್ತರಿಸಿ ಜೋಯಿಟ್ರೋಪಿಗೆ ಹಾಕಿ ನೋಡಿ ಅಂತ ಓದುಗರಿಗೆ ಹೇಳಿತ್ತು. ನಾಲ್ಕೂ ಕಾಲು ನೆಲ ಬಿಟ್ಟಿರುವ ಗಳಿಗೆಯನ್ನು ಮಕ್ಕಳು ಅದರಲ್ಲಿ ಹುಡುಕಲಿ.

ಪ್ರಾಕ್ಸಿನೋಸ್ಕೋಪ್: ಎಲ್ಲಕ್ಕಿಂತ ಚಂದ, ಎಲ್ಲಕ್ಕಿಂತ ಕಷ್ಟ

ಕಿಂಡಿಯಿಂದ ನೋಡಿದರೆ ಚಿತ್ರ ಮಬ್ಬು. ಬರುವ ಬೆಳಕಿನಲ್ಲಿ ಹೆಚ್ಚಿನದನ್ನು ಕಪ್ಪು ರಟ್ಟೇ ನುಂಗುತ್ತದೆ. 1877ರಲ್ಲಿ ಫ್ರಾನ್ಸಿನ ಎಮಿಲ್ ರೇನೊ ಕಿಂಡಿಯನ್ನೇ ತೆಗೆದುಹಾಕಿದರು. ಡಬ್ಬದ ನಡುವೆ 12 ಕನ್ನಡಿಗಳ ಕಂಬ ನಿಲ್ಲಿಸಿದರು. ಒಂದು ಕನ್ನಡಿಯಿಂದ ಮುಂದಿನ ಕನ್ನಡಿಗೆ ನೋಟ ಜಾರುತ್ತದೆ, ಚಿತ್ರ ಮಾತ್ರ ನಡುವೆ ನಿಂತಂತೆ ಕಾಣುತ್ತದೆ. ಬೆಳಕು ಧಾರಾಳ. ಬಣ್ಣಗಳು ತಿಳಿಯಾಗಿ ಕಾಣುತ್ತವೆ. ಸುತ್ತಲೂ ನಿಂತು ನೋಡಬಹುದು.

ಮಾಡುವಾಗ ಲೆಕ್ಕ ತಪ್ಪಬಾರದು. ಕನ್ನಡಿ ಕಂಬದ ಅಗಲ ಹೊರ ಡಬ್ಬದ ಅಗಲದ ಅರ್ಧ ಇರಬೇಕು. ಆಗಲೇ ಪ್ರತಿಬಿಂಬ ನಟ್ಟನಡುವೆ ಬೀಳುತ್ತದೆ, ಅಲುಗಾಡುವುದಿಲ್ಲ. 20 ಸೆಂಟಿಮೀಟರ್ ಡಬ್ಬಕ್ಕೆ 10 ಸೆಂಟಿಮೀಟರ್ ಕಂಬ, ಒಂದೊಂದು ಕನ್ನಡಿ ಸುಮಾರು 2.7 ಸೆಂಟಿಮೀಟರ್ ಅಗಲ. 12 ಕನ್ನಡಿಯೂ ಒಂದೇ ಕೋನದಲ್ಲಿ ನೆಟ್ಟಗೆ ನಿಲ್ಲಬೇಕು. ಒಂದು ವಾಲಿದರೂ ಬೊಂಬೆ ಪ್ರತಿ ಸುತ್ತಿಗೂ ಒಮ್ಮೆ ಎಗರುತ್ತದೆ. ಗಾಜು ಬೇಡ, ಅಕ್ರಿಲಿಕ್ ಕನ್ನಡಿ ಹಾಳೆ ತನ್ನಿ. ಹೈಸ್ಕೂಲ್ ಮಕ್ಕಳಿಗೆ, ಅದೂ ಎರಡು ಮೂರು ವಾರ ಸಮಯ ಇದ್ದರೆ ಮಾತ್ರ ಇದರ ಗೊಡವೆಗೆ ಹೋಗಿ.

ಇಷ್ಟೆಲ್ಲ ಕಷ್ಟ ಹೇಳಿಯೂ ಇದನ್ನು ಪಟ್ಟಿಯಲ್ಲಿ ಇಟ್ಟದ್ದಕ್ಕೆ ಕಾರಣ ರೇನೊ. ಅವರು ಅಲ್ಲಿಗೇ ನಿಲ್ಲಲಿಲ್ಲ. 12 ಚಿತ್ರದ ಸುತ್ತು ಒಂದೇ ಗಳಿಗೆಯಲ್ಲಿ ಮುಗಿದು ಮತ್ತೆ ಶುರುವಾಗುತ್ತದೆ, ಅದರಲ್ಲಿ ಕಥೆ ಹೇಳಲು ಆಗುವುದಿಲ್ಲ. ಹಾಗಾಗಿ ಉದ್ದನೆಯ ಪಟ್ಟಿಗೆ ತೂತು ಮಾಡಿ, ಸುರುಳಿ ಸುತ್ತಿ, ಬೆಳಕಿನಿಂದ ಪರದೆಯ ಮೇಲೆ ಬಿಟ್ಟರು. 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾಂ ಮ್ಯೂಸಿಯಂನಲ್ಲಿ ಜನರಿಗೆ ತೋರಿಸಿದರು. ಒಂದು ಕಥೆಗೆ 500 ಚಿತ್ರ, ಎಲ್ಲವೂ ಕೈಯಿಂದ ಬರೆದದ್ದು. ತಾವೇ ಸುರುಳಿಯನ್ನು ಹಿಂದೆ ಮುಂದೆ ತಿರುಗಿಸುತ್ತಾ ಅಷ್ಟನ್ನೇ ಹದಿನೈದು ನಿಮಿಷದ ಆಟವಾಗಿ ಬೆಳೆಸುತ್ತಿದ್ದರು. ಮೂರು ವರ್ಷದ ಮೇಲೆ, 1895ರ ಡಿಸೆಂಬರ್ 28ರಂದು, ಅದೇ ಊರಿನಲ್ಲಿ ಲೂಮಿಯೇರ್ ಸಹೋದರರು ಕ್ಯಾಮೆರಾದಲ್ಲಿ ತೆಗೆದ ಸಿನಿಮಾ ತೋರಿಸಿದರು. ಆರು ತಿಂಗಳಲ್ಲಿ, 1896ರ ಜುಲೈ 7ರಂದು, ಆ ಸಿನಿಮಾ ಬಾಂಬೆಯ ವಾಟ್ಸನ್ ಹೋಟೆಲಿಗೂ ಬಂತು. ಕೈಯಿಂದ ಬರೆದ ಚಿತ್ರಗಳನ್ನು ಕೇಳುವವರು ಕಡಿಮೆಯಾದರು. ಕೊನೆಗೆ ರೇನೊ ನೊಂದು ತಮ್ಮ ಯಂತ್ರವನ್ನು ಒಡೆದು, ಸುರುಳಿಗಳಲ್ಲಿ ಹೆಚ್ಚಿನವನ್ನು ಸೇನ್ ನದಿಗೆ ಎಸೆದುಬಿಟ್ಟರು. 1918ರಲ್ಲಿ ತೀರಿಕೊಂಡರು. ಆ ಕೈಬರಹದ 500 ಚಿತ್ರಗಳ ಮುಂದೆ ನನಗೆ ಈಗಲೂ ಕೈಮುಗಿಯಬೇಕು ಅನ್ನಿಸುತ್ತದೆ.

ಫ್ಲಿಪ್ ಬುಕ್: ಚಿತ್ರ ಬರೆಯಲು ಇಷ್ಟಪಡುವ ಮಗುವಿಗೆ

ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಜಾನ್ ಬಾರ್ನ್ಸ್ ಲಿನೆಟ್ 1868ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಕಿಂಡಿ ಇಲ್ಲ, ಕನ್ನಡಿ ಇಲ್ಲ, ತಿರುಗಿಸುವುದೂ ಇಲ್ಲ. ಒಂದು ಅಂಟುಚೀಟಿಯ ಕಟ್ಟು, ಒಂದು ಪೆನ್ಸಿಲ್. ಪುಟವೊಂದು ಬೆರಳಿನಿಂದ ಜಾರಿ ಬಿದ್ದಾಗ ಮುಂದಿನ ಚಿತ್ರ ಒಂದು ಚೂರು ಹೊತ್ತು ನಿಲ್ಲುತ್ತದೆ. ಅಷ್ಟರಿಂದಲೇ ಚಲನೆ ಹುಟ್ಟುತ್ತದೆ.

ಸುತ್ತುವ ಆಟಿಕೆಗಳಲ್ಲಿ ಕೊನೆಯ ಚಿತ್ರ ಮೊದಲನೆಯದಕ್ಕೆ ಹೊಂದಲೇಬೇಕು. ಇಲ್ಲಿ ಆ ಕಟ್ಟು ಇಲ್ಲ. ಕಥೆಗೆ ಮೊದಲು, ನಡು, ಕೊನೆ ಮೂರೂ ಇರಬಹುದು. ಬೀಜ ಬಿದ್ದು, ಮೊಳೆತು, ಗಿಡವಾಗಿ, ಹೂ ಬಿಡಬಹುದು. ಸೆಕೆಂಡಿಗೆ 12 ಪುಟದಂತೆ 48 ಪುಟ ಬರೆದರೆ ನಾಲ್ಕು ಸೆಕೆಂಡಿನ ಚಿತ್ರ. ನಾಲ್ಕೇನಾ ಅಂತ ಮಕ್ಕಳು ಕೇಳುತ್ತಾರೆ. ಬರೆದು ಮುಗಿಸಿದ ಮೇಲೆ ಆ ನಾಲ್ಕು ಸೆಕೆಂಡಿನ ಬೆಲೆ ಅವರಿಗೆ ಗೊತ್ತಾಗುತ್ತದೆ.

ಕೊನೆಯ ಹಾಳೆಯಿಂದ ಶುರು ಮಾಡಿಸಿ. ಅದರ ಮೇಲೆ ಮುಂದಿನ ಹಾಳೆ ಬಿದ್ದಾಗ ಹಿಂದಿನ ಗೆರೆ ತೆಳ್ಳಗೆ ಕಾಣುತ್ತದೆ, ಅದನ್ನು ನೋಡಿಕೊಂಡು ಕೂದಲೆಳೆಯಷ್ಟು ಸರಿಸಿ ಬರೆಯಬಹುದು. ಒಂದೇ ಸಲಕ್ಕೆ ಒಬ್ಬರಿಬ್ಬರೇ ನೋಡಬಹುದು. ಹತ್ತು ಜನರ ಕೈಗೆ ಹೋದರೆ ಮೂಲೆಗಳು ನಲುಗಿ ಹೋಗುತ್ತವೆ. ಪ್ರದರ್ಶನಕ್ಕೆ ಒಯ್ಯುವುದಾದರೆ ಜೆರಾಕ್ಸ್ ಮಾಡಿಸಿ ಎರಡು ಮೂರು ಪ್ರತಿ ಇಟ್ಟುಕೊಳ್ಳಿ.

ದೊಡ್ಡ ಸಭಾಂಗಣ ತುಂಬ ಜನರಿಗೆ ತೋರಿಸಬೇಕು ಅನ್ನುವವರಿಗೆ ಈ ಐದೂ ಸಾಲವು. ಅಂಥವರಿಗೆ ನಮ್ಮ ತೊಗಲು ಗೊಂಬೆಯಾಟವನ್ನೇ ಹೇಳುತ್ತೇನೆ. ಬಿಳಿ ಪರದೆ, ಹಿಂದಿನಿಂದ ದೀಪ, ನಡುವೆ ಗೊಂಬೆ. ಅಲ್ಲಿ ಗೊಂಬೆ ಕೈಯಿಂದಲೇ ಆಡುತ್ತದೆ, ಬಿಡಿ ಚಿತ್ರಗಳು ಸೇರಿ ಚಲನೆಯಾಗುವುದಿಲ್ಲ. ಆ ವ್ಯತ್ಯಾಸವನ್ನು ಮಗುವಿಗೆ ತಿಳಿಸಿ ಹೇಳಿದರೆ ಸಾಕು.

ಹಾಗಾದರೆ ಯಾವುದು?

ಮಗು ಒಂದನೇ ಎರಡನೇ ತರಗತಿ, ಕೈಯಲ್ಲಿರುವುದು ಒಂದೇ ಸಂಜೆ ಅಂದರೆ ಥಾಮಟ್ರೋಪ್. ಮೂರು ನಾಲ್ಕು ಬಿಲ್ಲೆ ಮಾಡಿಸಿ, ಒಂದರಲ್ಲಿ ಮಗುವಿನದೇ ಐಡಿಯಾ ಇರಲಿ.

ನಾಲ್ಕರಿಂದ ಏಳನೇ ತರಗತಿ, ಚಿತ್ರ ಅಂದರೆ ಪ್ರಾಣ ಅನ್ನುವ ಮಗು ಆದರೆ ಎರಡನೇ ಮಾತಿಲ್ಲದೆ ಫ್ಲಿಪ್ ಬುಕ್. ಯಾಕೆ, ಹೇಗೆ ಅಂತ ತಲೆ ತಿನ್ನುವ ಮಗು ಆದರೆ ಫೆನಾಕಿಸ್ಟೋಸ್ಕೋಪ್. ಕಿಂಡಿ ಕೊಯ್ಯುವಾಗ ಮಾತ್ರ ದೊಡ್ಡವರು ಜೊತೆಗಿರಿ.

ಪ್ರದರ್ಶನದ ಮೇಜು, ಮುಂದೆ ಗುಂಪು, ಒಂದು ವಾರ ಸಮಯ, ಇನ್ನೂರು ಮುನ್ನೂರು ರೂಪಾಯಿ ಖರ್ಚು ಮಾಡಬಹುದು ಅಂದರೆ ಜೋಯಿಟ್ರೋಪ್. ದುಡ್ಡು ಕಡಿಮೆ ಇದ್ದರೆ ಫೆನಾಕಿಸ್ಟೋಸ್ಕೋಪ್ ಚಕ್ರವನ್ನೇ ಎರಡು ಮಾಡಿ. ಒಂದು ಕಿಂಡಿ ಇರುವುದು, ಒಂದು ಮೊಬೈಲಿಗೆ. ಪ್ರಾಕ್ಸಿನೋಸ್ಕೋಪ್ ಆಸೆ ಇರುವ ಹೈಸ್ಕೂಲ್ ಮಕ್ಕಳು ಮೊದಲು ಜೋಯಿಟ್ರೋಪ್ ಮಾಡಲಿ. ಅದರ ತಿರುಗು ತಟ್ಟೆಯ ಮೇಲೆ ಆಮೇಲೆ ಕನ್ನಡಿ ಕಂಬ ನಿಲ್ಲಿಸಬಹುದು. ಕನ್ನಡಿ ಕೈಕೊಟ್ಟರೂ ತೋರಿಸಲು ಒಂದು ಆಟಿಕೆ ಉಳಿದಿರುತ್ತದೆ.

ಜೋಯಿಟ್ರೋಪ್ ಮಾಡುವವರಿಗೆ ಕೊನೆಯದಾಗಿ ಒಂದು ಮಾತು. 12 ಮನೆ ಗೆರೆ ಹಾಕಿದ ಖಾಲಿ ಪಟ್ಟಿಗಳನ್ನು ಒಂದು ಕಟ್ಟು ಮಾಡಿ, ಸ್ಕೆಚ್ ಪೆನ್ನಿನ ಜೊತೆ ಮೇಜಿನ ಮೇಲೆ ಇಡಿ. ನೋಡಲು ಬಂದ ಬೇರೆ ಮಕ್ಕಳು ತಾವೇ ಒಂದು ಚೆಂಡು ಪುಟಿಸಿ, ಡಬ್ಬಕ್ಕೆ ಹಾಕಿ ತಿರುಗಿಸಲಿ.